ಶೋಧಶುದ್ಧಿ ಸೇವೆ: ಕನ್ನಡ ಮಹಾಪ್ರಬಂಧಕ್ಕೆ ಅದು ಕೊಡುವ ಅಂಕಿಯನ್ನು ಎಷ್ಟು ನಂಬಬಹುದು?

ಪಿಎಚ್‌.ಡಿ. ಮುಗಿಸುವ ಹೊತ್ತಿಗೆ ಸಂಶೋಧನಾರ್ಥಿಗಳ ನಿದ್ದೆ ಕೆಡಿಸುವುದು ಕೃತಿಚೌರ್ಯ ತಪಾಸಣೆ. ನಮ್ಮ ವಿಶ್ವವಿದ್ಯಾಲಯಗಳು ಇದಕ್ಕೆ ಬಳಸುವ ಶೋಧಶುದ್ಧಿ ಸೇವೆಯನ್ನು ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರ ಸೆಪ್ಟೆಂಬರಿನಿಂದ ನಡೆಸುತ್ತಿದೆ. ಮೊದಲು ಉರ್ಕುಂಡ್ ತಂತ್ರಾಂಶವಿತ್ತು, ನಂತರ ಬೆಂಗಳೂರಿನ ಡ್ರಿಲ್‌ಬಿಟ್ ಬಂತು. ಖರ್ಚು ಕೇಂದ್ರ ಸರ್ಕಾರದ್ದು. ಇಂಗ್ಲಿಷ್ ಪ್ರಬಂಧದ ಮಟ್ಟಿಗೆ ಇದು ನೆಚ್ಚಬಹುದಾದ ಸೇವೆ. ಕನ್ನಡ ಪ್ರಬಂಧದ ಮಾತು ಬೇರೆ. ಕಡತ ಸರಿಯಾಗಿ ಸಿದ್ಧವಾಗಿರದಿದ್ದರೆ ಬೇರೆ ಬರಹಗಳನ್ನು ಪ್ರಬಂಧ ಎಷ್ಟು ಹೋಲುತ್ತದೆಂದು ಇಲ್ಲಿ ಬರುವ ಶೇಕಡಾ ಅಂಕಿಗೆ ಅರ್ಥವೇ ಇರುವುದಿಲ್ಲ.

ವಿದ್ಯಾರ್ಥಿಗೆ ನೇರ ಲಾಗಿನ್ ಸಿಗುವುದಿಲ್ಲ. ವಿಶ್ವವಿದ್ಯಾಲಯಕ್ಕೊಬ್ಬರು ಸಂಯೋಜಕರಿರುತ್ತಾರೆ, ಸಾಮಾನ್ಯವಾಗಿ ಗ್ರಂಥಪಾಲಕರೇ. ಅವರು ಅಧ್ಯಾಪಕರಿಗೆ ಖಾತೆ ತೆರೆದು ಕೊಡುತ್ತಾರೆ, ಕಡತ ಅಲ್ಲಿಂದ ಹೋಗಬೇಕು. ಹಾಗಾಗಿ ಮಾರ್ಗದರ್ಶಕರ ಖಾತೆ ಚಾಲ್ತಿಯಲ್ಲಿದೆಯೇ ಎಂದು ಒಪ್ಪಿಸುವ ದಿನಕ್ಕೆ ಕಾಯದೆ ಮೊದಲೇ ವಿಚಾರಿಸಿಕೊಳ್ಳಿ. ಕರಡು ಹಂತದ ತಪಾಸಣೆಯಲ್ಲಿ ಕಡತವನ್ನು ತಂತ್ರಾಂಶದ ಭಂಡಾರಕ್ಕೆ ಸೇರಿಸಬಾರದು. ಸೇರಿಸಿದರೆ ಎರಡನೇ ಸಲ ನಿಮ್ಮ ಪ್ರಬಂಧ ನಿಮ್ಮದೇ ಕರಡಿನ ಜೊತೆ ತಾಳೆಯಾಗಿ ಅಂಕಿ ನೂರರ ಹತ್ತಿರ ಬಂದು ನಿಲ್ಲುತ್ತದೆ.

ಕನ್ನಡದ ನಿಜವಾದ ತೊಡಕು ಲಿಪಿಯ ಸಂಕೇತದಲ್ಲಿದೆ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಎಷ್ಟೋ ಪ್ರಬಂಧಗಳು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರದಲ್ಲೇ ಸಿದ್ಧವಾಗುತ್ತವೆ. ಪರದೆಯ ಮೇಲೆ ‘ಕ’ ಎಂದು ಕಾಣುವುದು ಕಡತದೊಳಗೆ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೊಂದು ಗೆರೆ ಹೊತ್ತ ‘ಎ’ ಆಗಿ ಕೂತಿರುತ್ತದೆ. ತಂತ್ರಾಂಶ ಓದುವುದು ಈ ಒಳಗಿನ ಸಂಕೇತವನ್ನು. ಜಾಲದಲ್ಲಿರುವ ಕನ್ನಡವೆಲ್ಲ ಬಹುಮಟ್ಟಿಗೆ ಯೂನಿಕೋಡ್, ಅಂದರೆ ಎಲ್ಲ ಲಿಪಿಗಳಿಗೂ ಒಪ್ಪಿತವಾದ ಜಾಗತಿಕ ಸಂಕೇತ, ಆದ್ದರಿಂದ ಎರಡಕ್ಕೂ ತಾಳೆಯೇ ಆಗುವುದಿಲ್ಲ, ವರದಿಯಲ್ಲಿ ಅಂಕಿ ತೀರಾ ಕಡಿಮೆ ಬರುತ್ತದೆ. ಅದನ್ನು ನೋಡಿ ನೆಮ್ಮದಿಪಡುವಂತಿಲ್ಲ. ಪದವಿ ಬಂದಮೇಲೆ ಚೌರ್ಯ ಸಾಬೀತಾದರೂ ಆ ಪದವಿಯನ್ನು ಅಮಾನತಿನಲ್ಲಿಡಲು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮಾವಳಿಯಲ್ಲಿ ಅವಕಾಶವಿದೆ.

ಪರೀಕ್ಷೆ ಸುಲಭ. ಕಡತದಿಂದ ಒಂದು ಪ್ಯಾರಾ ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡ ಹಾಗೇ ಕಂಡರೆ ಯೂನಿಕೋಡ್, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಕೊಡಬೇಕು. ಪರಿವರ್ತನೆಯಾದ ಮೇಲೆ ಮೂರು ಕಡೆ ಕಣ್ಣಿಟ್ಟು ನೋಡಿ. ಮೊದಲನೆಯದು ಅರ್ಕಾವತ್ತು: ನುಡಿಯಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು, ಸ್ಥಾನ ಬದಲಿಸುವಾಗ ತಪ್ಪುಗಳು ನುಸುಳುತ್ತವೆ. ಎರಡನೆಯದು ಒತ್ತಕ್ಷರದ ಜೊತೆಗಿನ ಸ್ವರಚಿಹ್ನೆ. ಮೂರನೆಯದು, ಹೆಚ್ಚು ಕಾಟ ಕೊಡುವುದು, ನಡುವೆ ಬರುವ ಇಂಗ್ಲಿಷ್ ಪದಗಳು. ಪರಿವರ್ತಕ ಅವನ್ನೂ ನುಡಿಯ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಆಕರಸೂಚಿಯನ್ನು ಬೇರೆ ಕಡತದಲ್ಲಿಟ್ಟು ಪರಿವರ್ತಿಸಿದರೆ ಈ ಹಾನಿ ಅರ್ಧಕ್ಕರ್ಧ ತಪ್ಪುತ್ತದೆ. ತಪಾಸಣೆಗೆ ಪಿಡಿಎಫ್‌ಗಿಂತ ವರ್ಡ್ ಕಡತ ಮೇಲು, ಯೂನಿಕೋಡಿನ ಕನ್ನಡ ಪಿಡಿಎಫ್‌ನಿಂದಲೂ ಪಠ್ಯ ಹೊರಬರುವಾಗ ಗುಣಿತಾಕ್ಷರಗಳು ಚೆದುರುವುದುಂಟು.

ವಚನ, ಷಟ್ಪದಿ, ತ್ರಿಪದಿ, ಶಾಸನಪಾಠ ಹೇರಳವಾಗಿರುವ ಪ್ರಬಂಧದ ಗೋಳು ಇನ್ನೊಂದು ಬಗೆಯದು. ಆಕರ ಹೇಳಿ ಕೊಟ್ಟ ಉಲ್ಲೇಖಗಳನ್ನು ನಿಯಮಾವಳಿಯೇ ಲೆಕ್ಕದಿಂದ ಹೊರಗಿಟ್ಟಿದೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳೂ ಹೊರಗೆ. ಆದರೆ ಉಲ್ಲೇಖವನ್ನು ತಂತ್ರಾಂಶ ಗುರುತಿಸುವುದು ಉದ್ಧರಣ ಚಿಹ್ನೆಯಿಂದ. ನಾವು ಪದ್ಯವನ್ನು ಒಳಸರಿಸಿ ಬರೆಯುತ್ತೇವೆ, ಚಿಹ್ನೆ ಹಾಕುವುದಿಲ್ಲ. ಹಾಗೆ ಬಿಟ್ಟರೆ ಪ್ರತಿ ಪದ್ಯವೂ ನಕಲಿನ ಲೆಕ್ಕಕ್ಕೆ ಸೇರುತ್ತದೆ. ತಪಾಸಣೆಯ ಪ್ರತಿಯಲ್ಲಿ ಪ್ರತಿ ಪದ್ಯದ ಹಿಂದೆಮುಂದೆ ಜೋಡಿ ಚಿಹ್ನೆ ಹಾಕಿ, ವರದಿ ತೆಗೆಯುವಾಗ ಉಲ್ಲೇಖ ಮತ್ತು ಗ್ರಂಥಸೂಚಿ ಬಿಡುವ ಆಯ್ಕೆ ಒತ್ತಿಸಿ.

ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆಗೂ ವಿನಾಯಿತಿ ಇದೆ. ಇದು ಇಂಗ್ಲಿಷಿಗೆ ಹೊಂದುವ ಅಳತೆ. ‘ಮಾಡಬೇಕಾಗಿರುವುದರಿಂದ’ ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿಗೆ ನಾಲ್ಕೈದು. ಕನ್ನಡದಲ್ಲಿ 14 ಪದವೆಂದರೆ ಒಂದು ದೀರ್ಘ ವಾಕ್ಯವೇ ಆಗಬಹುದು. ಅಷ್ಟುದ್ದ ಕದ್ದರೂ ವಿನಾಯಿತಿಯ ನೆರಳು ಸಿಗುತ್ತದೆ. ವಿಭಕ್ತಿ ಬದಲಿಸಿ ಸಂಧಿ ಬಿಡಿಸಿಬಿಟ್ಟರೆ ಪದಗಳ ತಾಳೆಯೂ ಮುರಿಯುತ್ತದೆ. ಇಂಗ್ಲಿಷ್ ಪುಸ್ತಕದಿಂದ ಅನುವಾದಿಸಿಕೊಂಡದ್ದು, ಜಾಲಕ್ಕೆ ಬಾರದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ್ದು ಪದಗಳ ತಾಳೆಗೆ ಸಿಗುವಂಥದ್ದೇ ಅಲ್ಲ. ಅದನ್ನು ಹಿಡಿಯಬೇಕಾದವರು ವಿಷಯ ಓದಿಕೊಂಡ ಮಾರ್ಗದರ್ಶಕರು. ಆ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದು ಕನ್ನಡ ಸಂಶೋಧನೆಗೆ ಮಾಡುವ ದ್ರೋಹ.

ಅಂಕಿಯ ಹಂತಗಳು ಹೀಗಿವೆ. 10%ವರೆಗೆ ದಂಡನೆಯಿಲ್ಲ. ಅಲ್ಲಿಂದ 40%ವರೆಗೆ ಆರು ತಿಂಗಳು ಮೀರದಂತೆ ತಿದ್ದಿ ಒಪ್ಪಿಸಬೇಕು. 40ರಿಂದ 60%ಗೆ ಒಂದು ವರ್ಷ ತಿದ್ದಿದ ಪ್ರತಿ ಒಪ್ಪಿಸುವಂತಿಲ್ಲ. 60% ದಾಟಿದರೆ ನೋಂದಣಿ ರದ್ದು. ದೂರು ಬಂದಾಗ ಮೊದಲು ವಿಭಾಗದ ಸಮಿತಿ ವಿಚಾರಿಸುತ್ತದೆ: ವಿಭಾಗದ ಮುಖ್ಯಸ್ಥರು, ಹೊರವಿಭಾಗದ ಒಬ್ಬ ಹಿರಿಯರು, ಇಂಥ ತಂತ್ರಾಂಶ ಬಲ್ಲ ಒಬ್ಬರು. ದೂರು ಬಂದ 45 ದಿನದೊಳಗೆ ಅದರ ವರದಿ ಸಂಸ್ಥೆಯ ಸಮಿತಿಗೆ ಹೋಗಬೇಕು. ಆರೋಪಕ್ಕೊಳಗಾದವರ ಮಾತು ಕೇಳಲೇಬೇಕು. ನಿರ್ಧರಿಸುವುದು ಸಮಿತಿ, ತಂತ್ರಾಂಶವಲ್ಲ. ವರದಿಯ ಮೊದಲ ಪುಟದ ಅಂಕಿ ನೋಡಿ ಕಡತ ಹಿಂದಿರುಗಿಸುವ ಕಚೇರಿಯೆದುರು ಈ ನಿಯಮವನ್ನು ಹಿಡಿದು ಮಾತಾಡಬಹುದು. ನಿಮ್ಮದೇ ಪ್ರಕಟಿತ ಲೇಖನ ತಾಳೆಯಾಗಿದ್ದರೆ ಆ ಲೇಖನದ ಪ್ರತಿ ಮತ್ತು ಮಾರ್ಗದರ್ಶಕರ ದೃಢೀಕರಣವನ್ನು ಜೊತೆಗಿಡಿ. ‘ಪರ್ಸೆಂಟ್ ಇಳಿಸಿಕೊಡುತ್ತೇವೆ’ ಎನ್ನುವ ಅಂಗಡಿಗಳ ಹತ್ತಿರ ಸುಳಿಯಬೇಡಿ. ಅಕ್ಷರ ಬದಲಿಸಿ, ಪಠ್ಯವನ್ನು ಚಿತ್ರವಾಗಿ ಸೇರಿಸಿ ತೋರಿಸುವ ಆ ಇಳಿಕೆ ಓದುಗರ ಕಣ್ಣಿಗೆ ಬಿದ್ದ ದಿನ ನಿಮ್ಮ ಹೆಸರು ಹೋಗುತ್ತದೆ.

ಮೌಲ್ಯಮಾಪನ ಮುಗಿದು ಪದವಿ ಘೋಷಣೆಯಾಗುವ ಮೊದಲು ವಿಶ್ವವಿದ್ಯಾಲಯ ಪ್ರಬಂಧವನ್ನು ಪಿಎಚ್‌.ಡಿ. ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾಕ್ಕೆ ಸೇರಿಸಬೇಕು, 2022ರ ಪಿಎಚ್‌.ಡಿ. ನಿಯಮಾವಳಿಯೂ ಇದನ್ನೇ ಹೇಳುತ್ತದೆ. ಅಧ್ಯಾಯಕ್ಕೊಂದು ಪಿಡಿಎಫ್, ಪಾಸ್‌ವರ್ಡ್ ಇರಬಾರದು, ಸ್ಕ್ಯಾನ್ ಮಾಡಿದ ಪುಟಗಳು ಬೇಡ. 01 ಸಂಖ್ಯೆಯ ಕಡತ ಶೀರ್ಷಿಕೆಪುಟ, 80ನೆಯದರಲ್ಲಿ ಶೀರ್ಷಿಕೆಪುಟದ ಜೊತೆ ಉಪಸಂಹಾರ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ನಮೂದಿಸಲು ಗ್ರಂಥಾಲಯದವರಿಗೆ ಹೇಳಿ. ರೋಮನ್ ಲಿಪಿಯಲ್ಲಿ ಹಾಕಿದರೆ ಕಾಗುಣಿತ ಒಬ್ಬೊಬ್ಬರದು ಒಂದೊಂದು ತರಹ, ಹುಡುಕುವವರಿಗೆ ಪ್ರಬಂಧ ಸಿಗುವುದೇ ಇಲ್ಲ. ಸೇರ್ಪಡೆಯಾದ ಮೇಲೆ ನೀವೇ ಒಮ್ಮೆ ಕನ್ನಡದಲ್ಲಿ ಹುಡುಕಿ, ಪ್ರತಿ ಅಧ್ಯಾಯ ತೆರೆಯುತ್ತದೆಯೇ ಎಂದು ನೋಡಿ, ತಪ್ಪಿದ್ದರೆ ಸಂಯೋಜಕರಿಗೆ ಪ್ರಬಂಧದ ಕೊಂಡಿಯ ಸಮೇತ ಬರೆದು ತಿಳಿಸಿ.