ಅಪ್ಪನ ಕಣ್ಣು ಹಳದಿಯಾಗಿತ್ತು, ಕೊಟ್ಟವರು 'ರಿಫ್ಲೆಕ್ಷನ್' ಅಂದರು: ಅಣಬೆ ಕ್ಯಾಪ್ಸೂಲ್ ತಗೊಳ್ಳುವವರ ಗಮನಕ್ಕೆ

ನಿಮ್ಮ ಮನೆಯಲ್ಲಿ ಯಾರಾದರೂ ಗ್ಯಾನೋಡರ್ಮಾ, ರೇಶಿ ಅನ್ನುವ ಅಣಬೆಯ ಕ್ಯಾಪ್ಸೂಲ್ ತಗೊಳ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಶುಗರ್, ಹಾರ್ಟ್ ಮಾತ್ರೆ ನುಂಗುವ ಹಿರಿಯರಿದ್ದರಂತೂ ಓದಲೇಬೇಕು. ಸಾರು, ಪಲ್ಯ ಮಾಡಿ ತಿನ್ನುವ ಅಣಬೆಯ ಮಾತಲ್ಲ ಇದು.

ನಮ್ಮದು ತಿಪಟೂರು ಹತ್ತಿರ ತೆಂಗಿನ ತೋಟ. ಅಪ್ಪನಿಗೆ 67 ವರ್ಷ. ಶುಗರ್ ಬಹಳ ವರ್ಷದಿಂದ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೆವು. ಯುಗಾದಿ ಕಳೆದ ಮೇಲೆ ನಮ್ಮ ಬೀಗರೊಬ್ಬರು ಎರಡು ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. "ಬೀಗ್ರೇ, ಇದು ಔಷಧಿ ಅಲ್ಲ, ಆಹಾರ. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ. ಮೂರು ತಿಂಗಳು ತಗೊಳ್ಳಿ, ಶುಗರ್ ಮಾತ್ರೆ ನೀವೇ ಬಿಡ್ತೀರಿ" ಅಂದರಂತೆ. ಜೊತೆಗೆ ಅಪ್ಪನ ಹೆಸರಲ್ಲಿ ಒಂದು ಐಡಿ ಮಾಡಿಸಿ, ಇನ್ನೂ ನಾಲ್ಕು ಜನರನ್ನು ಸೇರಿಸಿದರೆ ಕಮಿಷನ್ ಬರುತ್ತೆ ಅಂತಲೂ ಹೇಳಿದ್ದರು.

ಡಬ್ಬಿ ಮೇಲಿನ ಚಿತ್ರ ನೋಡಿದ ಕೂಡಲೇ ಅಪ್ಪ ಕೇಳಿದ್ದು ಒಂದೇ ಮಾತು: "ಇದು ನಮ್ಮ ಅಣಬೆ ರೋಗದ ಅಣಬೆ ಥರಾನೇ ಇದೆಯಲ್ಲ?" ಅಪ್ಪ ಹೇಳಿದ್ದು ಸರಿ. ತೆಂಗಿಗೆ ಬರುವ ಅಣಬೆ ರೋಗಕ್ಕೆ ಕಾರಣ ಗ್ಯಾನೋಡರ್ಮಾ ಜಾತಿಯ ಅಣಬೆಯೇ. ಮೊದಲು ಕಾಂಡದ ಬುಡದಲ್ಲಿ ಕಂದು ಬಣ್ಣದ ಅಂಟು ಸೋರುತ್ತೆ, ಗರಿ ಜೋತು ಬೀಳುತ್ತೆ. ಕೊನೆಗೆ ಬುಡದಲ್ಲಿ ವಾರ್ನಿಷ್ ಹಚ್ಚಿದ ಹಾಗೆ ಹೊಳೆಯುವ ಕೆಂಗಂದು ಅಣಬೆ ಏಳುತ್ತೆ. ಅಷ್ಟೊತ್ತಿಗೆ ಆ ಮರದ ಆಸೆ ಬಿಟ್ಟ ಹಾಗೆ. ಸುತ್ತಲಿನ ಮರಗಳಿಗೆ ಹರಡದಿರಲಿ ಅಂತ ಟ್ರೆಂಚ್ ತೆಗೆದು, ಬೇವಿನ ಹಿಂಡಿ ಹಾಕಿ ಅಪ್ಪ ಎಷ್ಟು ಒದ್ದಾಡಿದ್ದಾರೋ ನನಗೆ ಗೊತ್ತು. ಆದರೂ "ಮರಕ್ಕೆ ರೋಗ, ಮನುಷ್ಯನಿಗೆ ಮದ್ದು. ಚೀನಾದವರು ಹಿಂದಿನಿಂದ ತಿಂತಿಲ್ವಾ?" ಅಂತ ಬೀಗರು ಅಂದಾಗ ಅಪ್ಪ ಸುಮ್ಮನಾದರು. ಬೀಗರ ಮಾತು ತೆಗೆದುಹಾಕೋದು ಹೇಗೆ, ಅಲ್ವಾ?

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಮೈ ತುರಿಕೆ ಶುರುವಾಯಿತು. ಊಟ ಸೇರದಾಯಿತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಮ್ಮ ಗಾಬರಿಯಾಗಿ ಬೀಗರಿಗೆ ಫೋನ್ ಮಾಡಿದರು. ಅವರು ಖುಷಿಯಿಂದಲೇ ಹೇಳಿದರಂತೆ: "ಇದಕ್ಕೆ ರಿಫ್ಲೆಕ್ಷನ್ ಅಂತಾರೆ ತಂಗಿ. ಒಳಗಿನ ವಿಷ ಹೊರಗೆ ಬರ್ತಿದೆ. ಈಗ ನಿಲ್ಲಿಸಲೇಬಾರದು. ಎರಡಿದ್ದದ್ದು ನಾಲ್ಕು ಮಾಡಿ."

ನಾನು ಈ ಬರಹ ಬರೆಯುತ್ತಿರುವುದೇ ಈ ಒಂದು ಪದಕ್ಕೋಸ್ಕರ. ಮೈ ಹೇಳುತ್ತಿದ್ದ ಒಂದೊಂದು ಎಚ್ಚರಿಕೆಯನ್ನೂ ಅದು ಒಳ್ಳೆ ಲಕ್ಷಣ ಮಾಡಿಬಿಟ್ಟಿತು. ತುರಿಕೆಯೂ ರಿಫ್ಲೆಕ್ಷನ್, ವಾಂತಿಯೂ ರಿಫ್ಲೆಕ್ಷನ್, ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬಂದಿದ್ದೂ ರಿಫ್ಲೆಕ್ಷನ್. ಹಾಗೆ ನಂಬಿ ನಾವು ಕಳೆದುಕೊಂಡದ್ದು 18 ದಿನ.

ನಾನು ಬೆಂಗಳೂರಿಂದ ಶನಿವಾರ ಊರಿಗೆ ಹೋದಾಗ ಅಪ್ಪ ಜಗಲಿ ಮೇಲೆ ಒರಗಿ ಕೂತಿದ್ದರು. ಬೆಳಕಿಗೆ ತಿರುಗಿಸಿ ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದೆ. ಅರಿಶಿನ ಮೆತ್ತಿದ ಹಾಗಿತ್ತು. ಆ ಸಂಜೆಯೇ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಕಾಮಾಲೆ ಎಷ್ಟಿದೆ ಅಂತ ತೋರಿಸುವ ಬಿಲಿರುಬಿನ್ 6.8 ಇತ್ತು, ಅದು ಸಾಮಾನ್ಯವಾಗಿ ಒಂದರ ಆಸುಪಾಸು ಇರಬೇಕು. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ 740, ಅದೂ ತೀರಾ ಜಾಸ್ತಿ. ಶುಗರ್ 312, ಯಾಕಂದರೆ ಬೀಗರ ಮಾತು ಕೇಳಿ ಅಪ್ಪ ಶುಗರ್ ಮಾತ್ರೆ ಅರ್ಧ ಮಾಡಿದ್ದರು. ಅದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಅಂತ ಡಾಕ್ಟರ್ ಎರಡು ಸಲ ಕೇಳಿದರು. ಎರಡು ಸಲವೂ ಅಪ್ಪ ಇಲ್ಲ ಅಂದರು. ಸುಳ್ಳು ಹೇಳಲಿಲ್ಲ ಅವರು. ಅದು ಆಹಾರ ಅಂತ ತಾನೇ ಹೇಳಿದ್ದು! ಅಮ್ಮ ಬ್ಯಾಗಿಂದ ಡಬ್ಬಿ ತೆಗೆದು ಕೊಟ್ಟ ಮೇಲೆ ದಾರಿ ಸಿಕ್ಕಿತು. ಕಾಮಾಲೆಯ ವೈರಸ್ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು, ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಇರಲಿಲ್ಲ. "ಇದರಿಂದಲೇ ಅಂತ ನೂರಕ್ಕೆ ನೂರು ಹೇಳೋಕಾಗಲ್ಲ. ಆದರೆ ಬೇರೆ ಕಾರಣ ಸಿಗ್ತಿಲ್ಲ, ನಿಲ್ಲಿಸಿದ ಮೇಲೆ ಇಳೀತಿದೆ" ಅಂದರು ಡಾಕ್ಟರ್. ಈ ಅಣಬೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಇರಬಹುದು, ಸ್ಟೆಂಟ್ ಹಾಕಿದವರು ರಕ್ತ ತೆಳು ಮಾಡುವ ಮಾತ್ರೆ ಜೊತೆ ಇದನ್ನು ತಗೊಂಡರೆ ರಕ್ತಸ್ರಾವದ ಭಯ ಜಾಸ್ತಿ ಅಂತಲೂ ಹೇಳಿದರು. ಒಂಬತ್ತು ದಿನ ಆಸ್ಪತ್ರೆ. ಲಿವರ್ ರಿಪೋರ್ಟ್ ಸರಿಹೋಗಲು ಏಳು ವಾರ ಬೇಕಾಯಿತು.

ಆಮೇಲೆ ಕೂತು ಹುಡುಕಿ ಓದಿದೆ. ಚೀನಾದಲ್ಲಿ ಲಿಂಗ್‌ಝಿ, ಜಪಾನಿನಲ್ಲಿ ರೇಶಿ ಅಂತ ಇದನ್ನು ಹಿಂದಿನಿಂದ ಬಳಸೋದು ನಿಜ. ಆದರೆ ಅಲ್ಲಿನ ಹಳೇ ಪದ್ಧತಿ ಕುದಿಸಿ ಕಷಾಯ ಕುಡಿಯೋದು. ಪುಡಿ ತಗೊಂಡವರಲ್ಲಿ ಲಿವರ್ ಕೆಟ್ಟ ವರದಿಗಳು 2004ರಲ್ಲಿ ಹಾಂಗ್‌ಕಾಂಗ್‌ನಿಂದ, 2007ರಲ್ಲಿ ಥಾಯ್ಲೆಂಡ್‌ನಿಂದ ಬಂದಿವೆ. ಥಾಯ್ಲೆಂಡ್‌ನ ರೋಗಿ ಉಳಿಯಲಿಲ್ಲ. ಇಂಥದ್ದು ಅಪರೂಪ, ಒಪ್ಪುತ್ತೇನೆ. ಆದರೆ "ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ" ಅನ್ನುವುದು ಸುಳ್ಳು. ಶುಗರ್ ಇಳಿಸುತ್ತೆ ಅನ್ನೋದಕ್ಕಾದರೂ ಆಧಾರ ಇದೆಯಾ? ಆಸ್ಟ್ರೇಲಿಯಾದಲ್ಲಿ ಶುಗರ್ ಇರುವ 84 ಜನರ ಮೇಲೆ 16 ವಾರ ಪರೀಕ್ಷೆ ಮಾಡಿದ್ದರು. 2016ರಲ್ಲಿ ಫಲಿತಾಂಶ ಬಂತು: ಶುಗರ್ ಇಳಿದಿರಲಿಲ್ಲ. ಡಬ್ಬಿಯೊಳಗೆ ಏನಿದೆ ಅನ್ನೋದೂ ಗ್ಯಾರಂಟಿ ಇಲ್ಲ. ಅಮೆರಿಕದಲ್ಲಿ ಮಾರುತ್ತಿದ್ದ 19 ರೇಶಿ ಸ್ಯಾಂಪಲ್ ಪರೀಕ್ಷಿಸಿದಾಗ ಲೇಬಲ್‌ಗೆ ಸರಿಹೊಂದಿದ್ದು ಬರೀ 5.

ಅಪ್ಪನ ಡಬ್ಬಿ ಮೇಲೆ 'ಔಷಧಿಯಾಗಿ ಬಳಸುವುದಕ್ಕಲ್ಲ' ಅನ್ನುವ ಅರ್ಥದ ಸಾಲು ಇಂಗ್ಲಿಷ್‌ನಲ್ಲಿ ಇತ್ತು. ಆಹಾರ ಪೂರಕಗಳ ಮೇಲೆ ಅದನ್ನು ಹಾಕಲೇಬೇಕು ಅಂತ ಕಾನೂನೇ ಇದೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರಲ್ಲ. ನಿಮ್ಮ ಮನೆಯ ಡಬ್ಬಿ ಇವತ್ತೇ ತಿರುಗಿಸಿ ನೋಡಿ, ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ. ಈಗಾಗಲೇ ತಗೊಳ್ತಿದ್ದರೆ ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗಿ. ಕಣ್ಣು ಹಳದಿ, ಮೂತ್ರ ಕಂದು, ರಕ್ತ ಸೋರೋದು ಕಂಡರೆ ಮಾರಿದವರಿಗೆ ಫೋನ್ ಮಾಡ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನಂತೂ ಯಾರ ಮಾತು ಕೇಳಿಯೂ ಕಮ್ಮಿ ಮಾಡಬೇಡಿ.

ಹೋದ ವಾರ ರಿಪೋರ್ಟ್ ಹಿಡಿದುಕೊಂಡು ಬೀಗರ ಮನೆಗೆ ಹೋಗಿದ್ದೆ. ಜಗಳಕ್ಕೆ ಅಂತಲೇ ಹೊರಟಿದ್ದೆ, ಆದರೆ ಆಗಲಿಲ್ಲ. ಅವರು ಮನಸಾರೆ ನಂಬಿಯೇ ಕೊಟ್ಟಿದ್ದು. ತಮ್ಮ ಹೆಂಡತಿಗೂ ಅದೇ ಕೊಡುತ್ತಿದ್ದಾರೆ, ಒಂದು ವರ್ಷದಿಂದ. ಕಾಫಿ ತಂದುಕೊಟ್ಟ ಅತ್ತೆಯ ಕೈ ತುಂಬಾ ತುರಿಸಿಕೊಂಡ ಗೆರೆಗಳಿದ್ದವು. "ರಿಫ್ಲೆಕ್ಷನ್ ಅಂತೆ ಕಣಪ್ಪ" ಅಂದರು. ಮಾರನೇ ದಿನ ನಾನೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದೆ. ರಿಪೋರ್ಟ್ ನಾಳೆ ಬರುತ್ತೆ.