ಡೆಕ್ ಸೋರಿಕೆಗೆ ಯಾವ್ದು ಹಾಕ್ಬೇಕು: ಬ್ಯೂಟೈಲ್ ಟೇಪಾ, ಪಾಲಿಯುರೆಥೇನಾ, ಸಿಲಿಕೋನಾ?

ಬೋಟಿನ ಡೆಕ್ಕಲ್ಲಿ, ಅಂದ್ರೆ ಮೇಲ್ಗಡೆ ನಡೆದಾಡೋ ಭಾಗದಲ್ಲಿ, ಬೋಲ್ಟಿನ ಸಂದಿಂದ ನೀರು ಇಳಿಯದ ಹಾಗೆ ಹಾಕೋ ಸೀಲಂಟ್‌ಗಳು ಈ ಮೂರು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಬ್ಯೂಟೈಲ್ ಟೇಪಿಗೆ, ಅಂದ್ರೆ ಸುರುಳಿಲಿ ಸಿಗೋ ಮೆತ್ತನೆ ಅಂಟು ಪಟ್ಟಿಗೆ. ನಮ್ದು 1979ರ ಕ್ಯಾಟಲಿನಾ 27, ಹಾಯಿ ಬೋಟು, ಬರ್ಕ್ಲಿ ಮರೀನಾದಲ್ಲಿ ಕಟ್ಟಿರ್ತೀವಿ. ಸ್ಯಾನ್ ಫ್ರಾನ್ಸಿಸ್ಕೋ ಬೇ ಕಡೆ ಬೇಸಿಗೆಲಿ ಮಳೆ ಅನ್ನೋದೇ ಇಲ್ವಲ್ಲ, ಆಗಸ್ಟಲ್ಲಿ ನೋಡೋಕೆ ಹೋದಾಗ ಒಳಗೆಲ್ಲ ಒಣಗಿ ಗರಿಗರಿಯಾಗಿತ್ತು, ನವೆಂಬರ್ ಮಳೆ ಶುರುವಾದ್ಮೇಲೆ ನೋಡಿದ್ರೆ ಮಲಗೋ ಜಾಗದ ಮೇಲೇ ತೊಟ್ಟಿಕ್ತಿದೆ. ಹಳೇ ಬೋಟಿಗೆ ನೀರು ಕೆಳಗಿಂದ ನುಗ್ಗತ್ತೆ ಅಂತ ಎಲ್ರೂ ಹೆದರ್ತಾರೆ, ತಲೆನೋವು ಕೊಡೋದು ಮೇಲಿನ ನೀರು. ಬೋಟಿನ ತಪ್ಪೇನಿಲ್ಲ ಬಿಡಿ, ಡೆಕ್ಕಿಗೆ ಬೋಲ್ಟ್ ಹಾಕಿರೋ ಸ್ಟಾಂಚನ್ (ಅಂಚಲ್ಲಿ ತಂತಿ ಬೇಲಿ ಹಿಡಿಯೋ ಕಂಬ), ಕ್ಲೀಟ್ (ಹಗ್ಗ ಕಟ್ಟೋ ಕೊಕ್ಕೆ), ಚೈನ್‌ಪ್ಲೇಟ್ (ಹಾಯಿಕಂಬದ ತಂತಿಗಳನ್ನ ಬೋಟಿಗೆ ಕಟ್ಟೋ ಲೋಹದ ಪಟ್ಟಿ) ಪ್ರತಿಯೊಂದ್ರ ಕೆಳಗಿನ ಸೀಲಂಟಿಗೂ ಒಂದು ಆಯಸ್ಸು ಅಂತ ಇರತ್ತೆ.

ಯಾವ್ದೇ ಹಾಕಿ, ಅದಕ್ಕೆ ಮುಂಚೆ ಒಂದು ಕೆಲ್ಸ ತಪ್ಪಿಸೋ ಹಾಗಿಲ್ಲ. ಇಂಥ ಬೋಟಿನ ಡೆಕ್ ಅಂದ್ರೆ ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಮರ. ಬೋಲ್ಟಿನ ತೂತಿಂದ ಇಳಿದ ನೀರು ಆ ಮರಕ್ಕೆ ಸೇರ್ಕೊಂಡ್ರೆ ಒಳಗೊಳಗೇ ಕೊಳೆಯತ್ತೆ, ಕಾಲಿಟ್ರೆ ಮೆತ್ತಗೆ ಕುಸಿಯತ್ತೆ. ಅದಕ್ಕೆ ತೂತು ಅಗಲ ಮಾಡಿ, ಫಿಲ್ಲರ್ ಪುಡಿ ಕಲಸಿದ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗೋ ಅಂಟು) ತುಂಬಿ, ಗಟ್ಟಿಯಾದ್ಮೇಲೆ ಅದ್ರ ನಡುವೆ ಹೊಸ ತೂತು ಕೊರೀಬೇಕು. ಆಮೇಲೆ ಸೀಲಂಟ್ ಸೋತ್ರೂ ಮರಕ್ಕೆ ನೀರು ತಾಗಲ್ಲ.

ಈಗ ಸಿಲಿಕೋನ್ ಬಗ್ಗೆ. ನಮ್ಗಿಂತ ಮುಂಚೆ ಇದ್ದ ಪುಣ್ಯಾತ್ಮ ಎಲ್ಲೆಲ್ಲಿ ಸೋರ್ತೋ ಅಲ್ಲೆಲ್ಲ ಬಾತ್‌ರೂಮಿಗೆ ಹಚ್ಚೋ ಸಿಲಿಕೋನನ್ನ ಹೊರಗಿಂದ ಬಳ್ದಿದ್ದ. ಸ್ಟಾಂಚನ್ ಬಿಚ್ಚೇ ಇಲ್ಲ, ಬುಡದ ಸುತ್ತ ಬೆರಳಲ್ಲಿ ಸವರಿದಾನೆ ಅಷ್ಟೆ. ಅದು ಕಿತ್ಕೊಂಡು ಬರೋದೇನೋ ಸುಲಭವಾಗೇ ಬರತ್ತೆ, ರಬ್ಬರ್ ಬ್ಯಾಂಡ್ ಥರ ಎಳೆದ್ರೆ ಬಂತು. ಆದ್ರೆ ಕಣ್ಣಿಗೆ ಕಾಣದ ಒಂದು ಪೊರೆ ಅಲ್ಲೇ ಉಳ್ಕೊಳ್ಳತ್ತೆ, ಆ ಪೊರೆ ಮೇಲೆ ಎಪಾಕ್ಸಿ ಹಿಡಿಯಲ್ಲ, ಪೇಂಟ್ ಹಿಡಿಯಲ್ಲ, ತಮಾಷೆ ಅಂದ್ರೆ ಹೊಸ ಸಿಲಿಕೋನೂ ಸರಿಯಾಗಿ ಹಿಡಿಯಲ್ಲ.

ಅಸಿಟೋನ್ ಹಾಕಿ ಒರೆಸಿದ್ರೆ ಆಯ್ತು ಅಂತ ಮರೀನಾದಲ್ಲಿ ಪಕ್ಕದ ಬೋಟಿನವ್ರು ಅಂದ್ರು. ಅಸಿಟೋನಿಗೆ ಸಿಲಿಕೋನ್ ಕರಗಲ್ಲ, ಬಟ್ಟೆ ಉಜ್ಜಿದಷ್ಟೂ ಪೊರೆ ಅಗಲವಾಗಿ ಹರಡ್ತಾ ಹೋಗತ್ತೆ. ಹಾಗಂತ ನೇರ ಮರಳು ಕಾಗದ ಹಿಡಿದ್ರೆ ಗೀರುಗಳ ಒಳಗೇ ಅದನ್ನ ತುಂಬಿದ ಹಾಗೆ. ಮೊದ್ಲು ಚೂಪು ಪ್ಲಾಸ್ಟಿಕ್ ಬ್ಲೇಡಲ್ಲಿ ಕೆರೀಬೇಕು, ಆಮೇಲೆ ಸಿಲಿಕೋನ್ ತೆಗಿಯೋಕೇ ಅಂತ ಸಿಗೋ ಜೆಲ್ ಹಚ್ಚಿ ಬಿಟ್ಟು ಒರೆಸ್ಬೇಕು, ಕೊನೇಗೆ ಮರಳು ಕಾಗದ. ಹೋಯ್ತೋ ಇಲ್ವೋ ನೋಡೋಕೆ ಮೇಲೆ ನೀರು ಚೆಲ್ಲಿ, ಒಂದೇ ಸಮ ಹರಡಿ ನಿಂತ್ರೆ ಹೋಗಿದೆ, ಹನಿಹನಿಯಾಗಿ ಮುದುಡ್ಕೊಂಡ್ರೆ ಇನ್ನೂ ಇದೆ. ನಮ್ಮಲ್ಲಿ ಮುದುಡ್ಕೊಳ್ತಾನೇ ಇತ್ತು. ಒಂದು ಸ್ಟಾಂಚನ್ ಬುಡಕ್ಕೆ ಇಡೀ ಭಾನುವಾರ ಹೋಯ್ತು, ಸೀಲಂಟ್ ಹಾಕೋದಕ್ಕಲ್ಲ, ಬರೀ ಕ್ಲೀನ್ ಮಾಡೋದಕ್ಕೆ.

ಪಾಲಿಯುರೆಥೇನ್ ಬೇರೆ ಜಾತಿ. ಈ ಮೂರಲ್ಲಿ ನೀರಿನ ಮಟ್ಟದ ಕೆಳಗೆ ಅದೇ ಬೇಕು, ಅಲ್ಲಿ ಬ್ಯೂಟೈಲ್ ಹಾಕೋ ಹಾಗೇ ಇಲ್ಲ. ಆದ್ರೆ ಡೆಕ್ ಮೇಲೆ ಅದ್ರಲ್ಲೂ ಪರ್ಮನೆಂಟ್ ಜಾತಿಯದ್ದು ಹಾಕಿದ್ರೆ ಅದು ಸೀಲಂಟ್ ಅಲ್ಲ, ಅಂಟು. ಮುಂದೆ ಕ್ಲೀಟ್ ಬಿಚ್ಬೇಕಾದ್ರೆ ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಮೇಲಿನ ಹೊಳಪು ಪದರ) ಸಮೇತ ಎದ್ದು ಬರತ್ತೆ. ಗಾಳಿಯ ತೇವಕ್ಕೇ ಗಟ್ಟಿಯಾಗೋ ವಸ್ತು, ಹಾಗಾಗಿ ಟ್ಯೂಬ್ ತೆರೆದ್ರೆ ಮಿಕ್ಕಿದ್ದು ಟ್ಯೂಬಲ್ಲೇ ಕಲ್ಲು. ಅಂಗಿಗೆ ಹತ್ತಿದ್ರೆ ಅಂಗಿನ ಬೋಟಿಗೇ ಮೀಸಲಿಡಿ.

ಬ್ಯೂಟೈಲ್ ಯಾವತ್ತೂ ಗಟ್ಟಿಯಾಗಲ್ಲ, ಅದೇ ಅದ್ರ ಗುಣ. ತೂತಿನ ಬಾಯಿನ ಸ್ವಲ್ಪ ಇಳಿಜಾರಾಗಿ ಕೊರೆದು, ಚಕ್ಕುಲಿ ಹಿಟ್ಟಿನ ಥರ ಹೊಸೆದು ಬೋಲ್ಟಿನ ಕುತ್ತಿಗೆಗೆ ಸುತ್ತಿ, ಬುಡದ ಕೆಳಗೂ ಒಂದು ಪದರ ಹಾಕಿ ಕೂರಿಸ್ಬೇಕು. ಬಿಗಿ ಮಾಡೋದು ಇಬ್ಬರ ಕೆಲ್ಸ. ನಾನು ಮೇಲೆ ಸ್ಕ್ರೂಡ್ರೈವರ್ ಒತ್ತಿ ಹಿಡ್ಕೊಂಡಿದ್ದೆ, ಇವ್ಳು ಒಳಗೆ ಲಾಕರಲ್ಲಿ ತಲೆ ತೂರಿಸ್ಕೊಂಡು, "ರೀ, ಸಾಕಾ? ಕತ್ತು ಹಿಡ್ಕೊಳ್ತಿದೆ" ಅಂತಿದ್ಲು. ನಟ್ ಮಾತ್ರ ತಿರುಗ್ಬೇಕು, ಬೋಲ್ಟ್ ತಿರುಗಿದ್ರೆ ಸುತ್ತಿದ್ದೆಲ್ಲ ಹರಿದು ಹೋಗತ್ತೆ. ಒಂದೇ ಸಲ ಬಿಗಿಯೋ ಹಾಗೂ ಇಲ್ಲ, ಬೂದು ಬಣ್ಣದ ಅಂಚು ಮೆಲ್ಲಗೆ ಹೊರಗೆ ಒಸರ್ಬೇಕು, ಅದನ್ನ ಕತ್ತರಿಸಿ, ನಾಳೆ ಬಂದು ಇನ್ನೊಂದ್ಸಲ ಬಿಗಿ. ಚಳಿ ಇದ್ರೆ ಇನ್ನೂ ನಿಧಾನ. ಡೀಸೆಲ್, ಪೆಟ್ರೋಲ್ ತಾಗೋ ಕಡೆ, ಅಂದ್ರೆ ಫ್ಯೂಯಲ್ ತುಂಬೋ ಬಾಯಿ ಹತ್ರ ಬೇಡ, ಕರಗತ್ತೆ.

ದುಡ್ಡಿನ ಲೆಕ್ಕ ನೋಡಿದ್ರೂ ಒಂದು ಸುರುಳಿ ಇಪ್ಪತ್ತು ಡಾಲರ್ ಆಸುಪಾಸು, ಒಂದು ಕಡೆಯ ಸ್ಟಾಂಚನ್‌ಗಳೆಲ್ಲ ಆದ್ಮೇಲೂ ಸುರುಳಿ ಮುಗಿದಿಲ್ಲ. ನಂಗೆ ವೀಕೆಂಡಲ್ಲಿ ಸಿಗೋದು ಒಂದೆರಡು ಗಂಟೆ, ನಡುವೆ ಮಗಳ ಕ್ಲಾಸು, ಫೋನು, ಒಂದಲ್ಲ ಒಂದು. ಅರ್ಧಕ್ಕೆ ಬಿಟ್ಟೋದ್ರೂ ಟೇಪು ಮುಂದಿನ ವಾರದವರೆಗೂ ಹಾಗೇ ಮೆತ್ತಗೆ ಬಿದ್ದಿರತ್ತೆ, ಟ್ಯೂಬ್ ಕಾಯಲ್ಲ. ಯಾರ್ಡಲ್ಲಿ ಬೋಟ್ ಮೇಲೆತ್ತಿಸಿ ಒಂದೇ ಬೀಸಿಗೆ ಎಲ್ಲ ಮುಗಿಸೋರ ಲೆಕ್ಕ ಬೇರೆ ಇರಬಹುದು. ನಾವು ಈ ಮಳೆಗಾಲಕ್ಕೆ ಮುಂಚೆ ಚೈನ್‌ಪ್ಲೇಟ್‌ಗಳನ್ನೂ ಬಿಚ್ತೀವಿ, ಗಾಳಿಗೆ ಹಾಯಿ ಎಳೆದಾಗ ಅವು ಚೂರುಪಾರು ಅಲ್ಲಾಡ್ತವೆ, ಅಲ್ಲಂತೂ ಬ್ಯೂಟೈಲೇ.