ಬೆರಳಚ್ಚು ಹಾಜರಾತಿ ಯಂತ್ರ: ಶಿಕ್ಷಕಿಯೊಬ್ಬಳ ಒಂದು ವರ್ಷದ ಅನುಭವ

ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಬೆರಳಚ್ಚು ಹಾಜರಾತಿ ಯಂತ್ರವನ್ನು ಅಳವಡಿಸಿ ಒಂದು ವರ್ಷವಾಯಿತು. ಅದಕ್ಕೂ ಮೊದಲು ಹಾಜರಿ ಪುಸ್ತಕವಿತ್ತು. ತಡವಾಗಿ ಬಂದವರು ಗಂಡಸರಾಗಿದ್ದರೆ ಏನೋ ಕಚೇರಿ ಕೆಲಸವಿದ್ದಿರಬೇಕೆಂದು ಸಹಿಗೆ ಪುಸ್ತಕವನ್ನು ಮುಂದೆ ಸರಿಸುತ್ತಿದ್ದರು. ಹೆಂಗಸರಾಗಿದ್ದರೆ ಹೆಸರಿನ ಎದುರು ಕೆಂಪು ಶಾಯಿಯ ಗುರುತು ಬೀಳುತ್ತಿತ್ತು, ಜೊತೆಗೆ ಮನೆಗೆಲಸದ ಬಗ್ಗೆ ಒಂದು ಚುಚ್ಚುಮಾತನ್ನೂ ಕೇಳಬೇಕಾಗುತ್ತಿತ್ತು. ಯಂತ್ರ ಬಂದ ಮೇಲೆ ಆ ಮಾತು ನಿಂತಿದೆ. ಇದೊಂದಕ್ಕಾಗಿಯೇ ನಾನು ಅದಕ್ಕೆ ಮನಸಾರೆ ಕೃತಜ್ಞಳು.

ಬಳಕೆ ಸರಳ. ಆದರೆ ಗೆರೆಗಳು ಕವಲೊಡೆಯುವ ಮತ್ತು ಕೊನೆಗೊಳ್ಳುವ ಬಿಂದುಗಳನ್ನು ಹೋಲಿಸಿ ಗುರುತು ಹಿಡಿಯುವ ಈ ಯಂತ್ರಕ್ಕೆ, ಸೀಮೆಸುಣ್ಣದ ಪುಡಿ ಮೆತ್ತಿದ ಅಥವಾ ಸಾಬೂನಿನ ನೀರಿನಲ್ಲಿ ಒಣಗಿ ಸವೆದ ಬೆರಳು ಸುಲಭವಾಗಿ ತಿಳಿಯುವುದಿಲ್ಲ. ಬೆಳಿಗ್ಗೆ ಪಾತ್ರೆ ತೊಳೆದು ಬಂದವರು ಮೂರು ನಾಲ್ಕು ಸಲ ಬೆರಳಿಡುವಷ್ಟರಲ್ಲಿ ನಿಮಿಷ ಉರುಳಿರುತ್ತದೆ. ಎರಡೂ ಕೈಗಳ ಬೆರಳುಗಳನ್ನು ಮೊದಲೇ ನೋಂದಾಯಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ನನ್ನ ನಿಜವಾದ ಆಕ್ಷೇಪ ಇರುವುದು ಇದರ ತಂತ್ರಾಂಶದಲ್ಲಿ. ಕಚೇರಿಯವರು ಯಾವುದೇ ದಿನದ ‘ತಡ’ವನ್ನು ‘ಕರ್ತವ್ಯದ ಮೇಲೆ’ ಎಂದು ತಿದ್ದಬಹುದು. ಯಾರು, ಯಾವಾಗ, ಏಕೆ ತಿದ್ದಿದರೆಂಬುದು ತಿಂಗಳ ವರದಿಯಲ್ಲಿ ಕಾಣುವುದಿಲ್ಲ. ಹೊರಗಿನ ಸಭೆಗಳಿಗೂ ಕಚೇರಿ ಓಡಾಟಕ್ಕೂ ನಮ್ಮಲ್ಲಿ ಗಂಡಸರನ್ನೇ ಕಳಿಸುವ ರೂಢಿಯಿರುವುದರಿಂದ, ಅವರು ತಡವಾದ ದಿನಗಳು ಅದೇ ಹೆಸರಿನಲ್ಲಿ ಅಳಿಸಿಹೋಗುತ್ತವೆ. ಜ್ವರದ ಮಗುವನ್ನು ವೈದ್ಯರಿಗೆ ತೋರಿಸಿ ಹತ್ತು ನಿಮಿಷ ತಡವಾದ ಶಿಕ್ಷಕಿಯದು ಮಾತ್ರ ಹಾಗೆಯೇ ಉಳಿದು, ಅಂಥ ಮೂರು ಸೇರಿದರೆ ಅರ್ಧ ದಿನದ ರಜೆಯನ್ನು ಕಳೆಯುತ್ತದೆ. ಪುಸ್ತಕದಿಂದ ಹೊರಟ ತಾರತಮ್ಯ ಹೀಗೆ ಕಂಪ್ಯೂಟರಿನೊಳಗೆ ಸೇರಿಕೊಂಡಿದೆ, ಮತ್ತು ಅಲ್ಲಿ ಅದನ್ನು ತೋರಿಸಿಕೊಡುವುದು ಕೆಂಪು ಗುರುತನ್ನು ತೋರಿಸುವುದಕ್ಕಿಂತ ಕಷ್ಟ. ಸಂಜೆ ಕೊನೆಯ ಮಗು ಮನೆಗೆ ಹೊರಡುವವರೆಗೆ ಕಾದು ನಿಂತ ಮುಕ್ಕಾಲು ಗಂಟೆಯನ್ನು ಯಂತ್ರ ದಾಖಲಿಸುತ್ತದೆ, ಆದರೆ ವರದಿಯಲ್ಲಿ ಅದಕ್ಕೊಂದು ಅಂಕಣವೇ ಇಲ್ಲ.

ತರಗತಿಯಲ್ಲಿ ಮಕ್ಕಳು ಕಾಯುತ್ತಿರುವಾಗ ತಡವಾಗಿ ಬರುವುದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ಸಲ್ಲುವ ಒಟ್ಟು ಸಮಯದಲ್ಲಿ ಶೇ. 76.2ರಷ್ಟು ಹೆಂಗಸರದೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಹೇಳುತ್ತದೆ. ಶಿಕ್ಷಕರ ಸ್ಥಾನಮಾನದ ಬಗ್ಗೆ 1966ರಲ್ಲಿ ಆ ಸಂಘಟನೆ ಮತ್ತು ಯುನೆಸ್ಕೊ ಸೇರಿ ರೂಪಿಸಿದ ಶಿಫಾರಸಿನಲ್ಲಿಯೂ ಕುಟುಂಬದ ಹೊಣೆಯಿರುವ ಶಿಕ್ಷಕಿಯರಿಗಾಗಿ ಪ್ರತ್ಯೇಕ ಭಾಗವಿದೆ. ಹಾಗಿರುವಾಗ ಮಗುವಿನ ಜ್ವರ ಒಪ್ಪತಕ್ಕ ಕಾರಣಗಳ ಪಟ್ಟಿಯಲ್ಲಿ ಏಕಿಲ್ಲ?

ಈ ಯಂತ್ರವನ್ನು ಕೊಳ್ಳುವ ಶಾಲೆಗಳು, ಪ್ರತಿ ತಿದ್ದುಪಡಿಯ ವಿವರವನ್ನು ಎಲ್ಲ ಶಿಕ್ಷಕರೂ ನೋಡಬಹುದೇ ಎಂದು ಮಾರಾಟಗಾರರನ್ನು ಮೊದಲೇ ಕೇಳಬೇಕು. ಮೊದಲ ಅವಧಿಯಲ್ಲಿ ಪಾಠವಿಲ್ಲದವರಿಗೆ ಬೇರೆ ಆರಂಭದ ಸಮಯ ನಿಗದಿಪಡಿಸುವ ಸೌಲಭ್ಯ ಈ ತಂತ್ರಾಂಶದಲ್ಲಿಯೇ ಇದೆ. ಅದನ್ನು ಗಂಡಸರು ಹೆಂಗಸರೆನ್ನದೆ ಎಲ್ಲರಿಗೂ ಬಳಸಬೇಕೆಂದು ನಾವು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಸಲ್ಲಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.